ತಾರೀಖು ಹಾಕುವ ಕೆಲಸ

ಹೆಡ್ ಗುಮಾಸ್ತರ ನಿವೃತ್ತಿ ಪತ್ರ ಪ್ರಿಂಟರಿನಿಂದ ಹೊರಬಂದಾಗ ಅದರ ತಲೆಯ ಮೇಲೆ ‘೧ ಜನವರಿ ೧೯೮೦’ ಎಂದಿತ್ತು. ಆ ಕಾಲದಲ್ಲಿ ಅವರು ಎಂಟನೇ ತರಗತಿಯಲ್ಲಿ ಲೆಕ್ಕ ತಪ್ಪಿ ಬೆಂಚಿನ ಮೇಲೆ ನಿಲ್ಲುತ್ತಿದ್ದರು. ಕೆಲಸಕ್ಕೆ ಸೇರುವ ಮೊದಲೇ ನಿವೃತ್ತರಾದರಲ್ಲ ಎಂದು ನೀರು ಸರಬರಾಜು ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ತಪ್ಪು ಮ್ಯಾನೇಜರ್ ಮೇಡಂ ಅವರದು. “ಕೊನೇ ದಿನ ಸಾರ್, ಇವತ್ತು ನೀವೇನೂ ಮುಟ್ಟಬೇಡಿ” ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಳೆಯ ಕಂಪ್ಯೂಟರನ್ನು ತಾವೇ ಆನ್ ಮಾಡಿದ್ದರು. ಆಫ್ ಮಾಡಿದರೆ ಸಾಕು, ತಾರೀಖು ಮರೆಯುವ ಚಾಳಿ ಅದಕ್ಕೆ. ಹನ್ನೊಂದು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಗುಮಾಸ್ತರು ಗೋಡೆಯ ಕ್ಯಾಲೆಂಡರ್ ನೋಡಿ, ಕೈಗಡಿಯಾರ ನೋಡಿ, ಕನ್ನಡಕ ಒರೆಸಿಕೊಂಡು ತಾರೀಖು, ಗಂಟೆ ತುಂಬಿಸುತ್ತಿದ್ದರು. ಆಮೇಲೆ “ಹೂಂ, ಶುರು ಮಾಡಿ” ಎನ್ನುತ್ತಿದ್ದರು. ಅಲ್ಲಿಯವರೆಗೆ ಒಂದು ಕಾಗದವೂ ಹೊರಡುವಂತಿರಲಿಲ್ಲ.

“ನಾಳೆಯಿಂದ ಇದನ್ನ ಯಾರು ಮಾಡ್ತಾರೆ?” ಎಂದು ಮೇಡಂ ಕಂಪ್ಯೂಟರ್ ರಿಪೇರಿಯಾಕೆಯನ್ನು ಕರೆಸಿದರು. ಗುಮಾಸ್ತರು ಕುರ್ಚಿಯಿಂದ ಎದ್ದು ಬಂದರು.

“ಹಳೇ ಮೆಷಿನ್ನಮ್ಮ. ಬಿಚ್ಚಿದ್ರೆ ಮತ್ತೆ ಕೂಡಲ್ಲ” ಎಂದು ಹೇಳಿ ನೋಡಿದರು. ಆಕೆ ಅಷ್ಟರಲ್ಲಾಗಲೇ ನಾಲ್ಕೂ ಸ್ಕ್ರೂ ಬಿಚ್ಚಿ, ಒಳಗಿನ ಧೂಳು ಊದಿ ಆಗಿತ್ತು.

“ತಾರೀಖು ನೆನಪಿಡೋ ಬ್ಯಾಟರಿ ಸತ್ತಿದೆ ಅಂದ್ಕೊಂಡಿದ್ದೆ. ಇಲ್ಲಿ ಬ್ಯಾಟರಿನೇ ಇಲ್ಲ.”

“ಇಲ್ಲ ಅಂದ್ರೆ?” ಎಂದರು ಮೇಡಂ.

“ಯಾರೋ ತೆಗೆದಿದ್ದಾರೆ ಮೇಡಂ. ಅದಾಗೇ ಎದ್ದು ಹೋಗೋ ವಸ್ತು ಅಲ್ಲ ಅದು.”

ಗುಮಾಸ್ತರು ತಲೆ ಎತ್ತಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಹಳೆಯ ಬ್ಯಾಟರಿ ಸತ್ತು, ಕೆಲವು ವಾರ ಅವರೇ ತಾರೀಖು ತುಂಬಿಸಿದ ಮೇಲೆ ಕಚೇರಿಯವರು ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದ್ದರು. ಮಾರನೆಯ ದಿನ ಅವರು ಬರುವಷ್ಟರಲ್ಲಿ ಕಚೇರಿ ತನ್ನಷ್ಟಕ್ಕೆ ಶುರುವಾಗಿತ್ತು. ಸಂಜೆಯವರೆಗೆ ಒಬ್ಬ ನರಪಿಳ್ಳೆಯೂ ಅವರನ್ನು ಏನೂ ಕೇಳಲಿಲ್ಲ. ತಾನು ಯಾರಿಗೂ ಬೇಡವಾದೆ ಎಂದು ಅವರಿಗೆ ಅಂದು ರಾತ್ರಿ ಊಟ ಸೇರಿರಲಿಲ್ಲ. ಮೂರನೆಯ ದಿನ ಎಲ್ಲರಿಗಿಂತ ಮೊದಲೇ ಕಚೇರಿಗೆ ಬಂದಿದ್ದರು, ಜೇಬಿನಲ್ಲಿ ಮನೆಯ ಸ್ಕ್ರೂಡ್ರೈವರ್ ಇಟ್ಟುಕೊಂಡು.

ಬೀರುವಿನ ಕೀಲಿ, ಮೊಹರು, ರಿಜಿಸ್ಟರುಗಳನ್ನು ಬೆಳಿಗ್ಗೆಯೇ ಒಪ್ಪಿಸಿದ್ದಾಗಿತ್ತು. ಈಗ ಕನ್ನಡಕದ ಡಬ್ಬಿ ತೆರೆದು, ಒರೆಸುವ ಬಟ್ಟೆ ಸರಿಸಿ, ಅದರಡಿ ಇದ್ದ ನಾಣ್ಯದಷ್ಟಗಲದ ಬ್ಯಾಟರಿಯನ್ನು ಮೇಡಂ ಅವರ ಮೇಜಿನ ಮೇಲಿಟ್ಟರು.

“ಇದೊಂದು ಒಪ್ಪಿಸೋದು ಬಾಕಿ ಇತ್ತು ಮೇಡಂ.”

ಈ ಸಲ ಯಾರೂ ನಗಲಿಲ್ಲ. ರಿಪೇರಿಯಾಕೆ ಬ್ಯಾಟರಿಯನ್ನು ತನ್ನ ಮೀಟರಿಗೆ ಹಚ್ಚಿ ನೋಡಿದಳು.

“ಹೊಸದರ ಹಾಗೇ ಇದೆ. ಇದರ ಕೆಲಸಾನ ಯಾರೋ ಒಂದಿನಾನೂ ತಪ್ಪಿಸದೆ ಮಾಡಿದ್ದಾರೆ.”