ವಾಟ್‌ನ ಇನ್ನೊಬ್ಬಳು

“ವಾಟ್‌ನ ಇನ್ನೊಬ್ಳು ಬಂದ್ಲು ನೋಡ್ರೇ!” ಚರ್ಚಿನ ಬಾಗಿಲಲ್ಲೇ ಅಗ್ನೆಸ್ ಕೂಗಿದಳು. ವಾಟ್‌ನ ಹೆಂಡತಿ ಸಿಬ್ಲಿಗೆ ಮೈಯೆಲ್ಲ ಉರಿಯಿತು. ಎರಡನೆಯವಳಿಗೂ ಬೇರೆಯವಳಿಗೂ ಏಳುನೂರು ವರ್ಷ ಹಿಂದಿನ ಆ ಇಂಗ್ಲಿಷಿನಲ್ಲಿ ಇದ್ದದ್ದು ‘ಅದರ್’ ಎಂಬ ಒಂದೇ ಪದ.

“ಸೆಕೆಂಡ್ ಹೆಂಡ್ತಿ ಅನ್ನಮ್ಮಾ,” ಎಂದರು ಪಾದ್ರಿ.

ಹೊಸ ಪದ ಕೇಳಿ ಸಿಬ್ಲಿ ಸಿಟ್ಟನ್ನೇ ಮರೆತಳು. “ಹಂಗಂದ್ರೇನು ಸ್ವಾಮಿ?”

“ಲ್ಯಾಟಿನ್ ಮಾತು. ಹಿಂದೆ ನಡ್ಕೊಂಡು ಬರೋಳು ಅಂತ.”

“ಯಾರ ಹಿಂದೆ?”

“ಮುಂದೆ ಹೋದವಳ ಹಿಂದೆ.”

“ಹೆಸರು ಬದಲಾದ್ರೆ ಗಂಜಿ ರುಚಿ ಬದಲಾಗುತ್ತಾ?” ಅಗ್ನೆಸ್ ಕಿಸಕ್ಕೆಂದಳು.

ಸಿಬ್ಲಿ ಮನೆಗೆ ಬಂದಾಗ ಹೊಸ್ತಿಲ ಬಳಿ, ವಾಟ್‌ನ ತೀರಿಕೊಂಡ ಮೊದಲ ಹೆಂಡತಿಯ ಮರದ ಮೆಟ್ಟುಗಳು ಹಾಗೇ ಇದ್ದವು. ಮದುವೆಯಾದಾಗಿನಿಂದ ಸಿಬ್ಲಿ ಅವನ್ನು ದಾಟಿಕೊಂಡು ಬರಿಗಾಲಲ್ಲೇ ಕೆಸರು ತುಳಿಯುತ್ತಿದ್ದಳು. ಇವತ್ತು ನಿಂತಳು. ಮೆಲ್ಲಗೆ ಒಂದು ಕಾಲು ತೂರಿಸಿ ನೋಡಿದಳು. ಮೊದಲಿನವಳ ಹಿಮ್ಮಡಿ ಸವೆಸಿದ್ದ ಗುಳಿಯಲ್ಲಿ ಇವಳದೂ ಸರಿಯಾಗಿ ಕೂತಿತು.