ಗುಲಾಬಿ ಉಗುರು

"ಇದೊಂದೇ ಕೆಂಪಾಗಿ ಉಬ್ಬಿದೆ," ಎಂದು ಡಾಕ್ಟರು ಶಶಿರೇಖಾಳ ಬೆನ್ನಿನ ಒಂದು ಜಾಗವನ್ನು ಮುಟ್ಟಿ ತೋರಿಸಿದರು. ಅಲರ್ಜಿ ಪರೀಕ್ಷೆಗೆಂದು ಅಂಟಿಸಿದ್ದ ಪಟ್ಟಿಗಳನ್ನು ಎರಡು ದಿನದ ಮೇಲೆ ಆಗಷ್ಟೇ ಬಿಡಿಸಿದ್ದರು. ಆರು ತಿಂಗಳಿಂದ ಅವಳ ಕಣ್ಣಿನ ರೆಪ್ಪೆ ಊದಿ ಸಿಪ್ಪೆ ಏಳುತ್ತಿದ್ದುದಕ್ಕೆ ಕಾರಣ ಕಾಡಿಗೆಯಲ್ಲ, ಸೋಪೂ ಅಲ್ಲ. "ನೇಲ್ ಪಾಲಿಶಮ್ಮ. ಬೆರಳಿಗೆ ಏನೂ ಆಗಲ್ಲ. ಅದೇ ಬೆರಳಲ್ಲಿ ಕಣ್ಣು ಮುಟ್ಕೋತೀರಲ್ಲ, ರೆಪ್ಪೆ ಚರ್ಮ ತೆಳು. ಇನ್ಮೇಲೆ ಹಚ್ಕೋಬೇಡಿ."

ಶಶಿರೇಖಾ ಗುಲಾಬಿ ಬಣ್ಣದ ಉಗುರುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. "ನಾನಲ್ಲ ಮೇಡಂ, ಮಗಳು ಹಚ್ತಾಳೆ," ಎಂದಳು. ಹನ್ನೊಂದು ವರ್ಷದ ಯಾಮಿನಿ, ಅಪ್ಪ ಅಮ್ಮ ಬೇರೆಯಾದ ಮೇಲೆ ಚಿಂತಾಮಣಿಯಲ್ಲಿ ಅಪ್ಪನ ಜೊತೆಗಿದ್ದಳು. ತಿಂಗಳಿಗೆ ಎರಡು ಭಾನುವಾರ ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದಳು. ಬಂದರೂ ಹೆಚ್ಚು ಮಾತಿಲ್ಲ. ಅಮ್ಮನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಉಗುರಿಗೆ ಬಣ್ಣ ಹಚ್ಚುತ್ತಾ ಕೂರುತ್ತಿದ್ದಳು. ಆ ಅರ್ಧ ಗಂಟೆಗಾಗಿ ಶಶಿರೇಖಾ ಹದಿನೈದು ದಿನ ಕಾಯುತ್ತಿದ್ದಳು.

ಆ ಭಾನುವಾರ ಯಾಮಿನಿ ಬ್ಯಾಗಿನಿಂದ ಹೊಸ ಬಾಟಲಿ ತೆಗೆದಾಗ ಶಶಿರೇಖಾ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಹುಡುಗಿ ಮುಚ್ಚಳವನ್ನು ಮತ್ತೆ ತಿರುಗಿಸಿ ಬಿಗಿದಳು. "ಹಂಗಾದ್ರೆ ಟಿವಿ ನೋಡ್ತೀನಮ್ಮ," ಎಂದು ಎದ್ದಳು.

ಶಶಿರೇಖಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಬಣ್ಣ ಇಲ್ದಿದ್ರೂ ಸ್ವಲ್ಪ ಹೊತ್ತು ಕೈ ಹಿಡ್ಕೊಂಡು ಕೂತ್ಕೊಳ್ಳೇ," ಎಂದಳು. ಯಾಮಿನಿ ಒಂದು ಗಳಿಗೆ ನಿಂತು, ಮತ್ತೆ ಕೂತು, ಆ ಕೈಯನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು.

"ಅದಕ್ಕೇ ಅಲ್ವೇನಮ್ಮ ನಾನು ಬಣ್ಣ ತರ್ತಿದ್ದಿದ್ದು," ಎಂದಳು, ತಲೆ ಎತ್ತದೆ.