ಒಣದ್ರಾಕ್ಷಿಯ ಕಾಲಾಳು

ಒಣದ್ರಾಕ್ಷಿಯ ಡಬ್ಬಿ ತೆರೆದಾಗಲೆಲ್ಲ ಅಥಣಿಯ ಆ ಮಧ್ಯಾಹ್ನ ನೆನಪಾಗಿ ಒಬ್ಬಳೇ ನಗುತ್ತೇನೆ.

ನನಗೆ ಚೆಸ್ ಕಲಿಸಿದವರು ಅಜ್ಜ, ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ. ಕಾಲಾಳುಗಳು ಕಳೆದುಹೋಗಿದ್ದರಿಂದ ಒಣದ್ರಾಕ್ಷಿಯನ್ನೇ ಇಡುತ್ತಿದ್ದೆವು. ಅವರಿಗೆ ಕಪ್ಪು, ನನಗೆ ಹಳದಿ. "ಹೊಡದವರು ತಿನ್ನಬೇಕು" ಎನ್ನುವುದು ಅಜ್ಜನ ಕಾಯ್ದೆ.

ಅಂದು ಅಥಣಿಯಲ್ಲಿ ಮಕ್ಕಳ ಚೆಸ್ ಪಂದ್ಯಾವಳಿಯ ಕೊನೆಯ ಆಟ. ಗೆದ್ದವರಿಗೆ ಕಪ್. ನನ್ನೆದುರು ನಿಪ್ಪಾಣಿಯ ಎರಡು ಜಡೆಯ ಹುಡುಗಿ. ನನ್ನ ಕುದುರೆ ಅವಳ ಕಾಲಾಳನ್ನು ಹೊಡೆಯಿತು. ಆ ಹುರುಪಿನಲ್ಲಿ ಕೈ ತಾನಾಗಿ ಬಾಯಿಗೆ ಹೋಯಿತು. ಹಲ್ಲಿನ ನಡುವೆ ಪ್ಲಾಸ್ಟಿಕ್ ಕಟಕ್ಕೆಂದಿತು.

"ಏ ಹುಡುಗಿ, ಉಗಳ ಅದನ್ನ!" ಎಂದು ತೀರ್ಪುಗಾರರು ಓಡಿಬಂದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಅಜ್ಜ ಮಾತ್ರ, "ನಗವರು ನಗಲಿ, ನೀ ಆಡವ್ವಾ" ಎಂದರು.

ಕಿವಿ ಬಿಸಿಯಾಗಿ ಹಲಗೆಯನ್ನೇ ನೋಡುತ್ತ ಆಡಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಅರಳಿತು. ಅದೇ ಕುದುರೆ ಇನ್ನೊಮ್ಮೆ ನೆಗೆದರೆ ಅವಳ ರಾಜನಿಗೆ ಚೆಕ್, ಹೋಗಲು ಜಾಗವೇ ಇಲ್ಲ! ನೆಗೆಸಿಬಿಟ್ಟೆ.

ಅವಳು ಒಂದೊಂದೇ ಮನೆಗೆ ಬೆರಳಿಟ್ಟು ನೋಡಿದಳು. ಆಮೇಲೆ ತನ್ನ ರಾಜನನ್ನು ಎತ್ತಿ, ಫ್ರಾಕಿಗೆ ಚೆನ್ನಾಗಿ ಒರೆಸಿ, ನನ್ನ ಅಂಗೈಯಲ್ಲಿಟ್ಟಳು.

"ತಗೋ ಬೇ, ಇದನ್ನೂ ತಿಂದಬಿಡ."